ಮಡಿನೀರು ಬಿದ್ದ ಸ್ವಿಚ್ಚು

ಬೇಲೂರಿನ ದೇವಸ್ಥಾನದ ಹಿಂದಿನ ಬೀದಿಗೆ ಕರೆಂಟು ಬಂದು ಎರಡು ವರ್ಷವಾಗಿತ್ತು. ಬಲ್ಬು ಮನೆಮನೆಯಲ್ಲೂ ಉರಿಯುತ್ತಿತ್ತು. ಬುದ್ಧಿ ಮಾತ್ರ ಇನ್ನೂ ಸೀಮೆಎಣ್ಣೆ ಬುಡ್ಡಿಯ ಕಾಲದಲ್ಲೇ ಇತ್ತು. ವೈರಿನ ಮೇಲೆ ಒದ್ದೆ ಪಂಚೆ ಹರವುವವರಿದ್ದರು, ನೆಂದ ಕೈಯಲ್ಲೇ ಬಲ್ಬು ಒರೆಸುವವರಿದ್ದರು. ವೇದವಲ್ಲಮ್ಮನವರ ಮನೆಯದು ಇನ್ನೊಂದು ಥರ.

ಅವರ ದೇವರಮನೆ ಬಾಗಿಲ ಪಕ್ಕ ಹಿತ್ತಾಳೆ ಮುಚ್ಚಳದ ಸ್ವಿಚ್ಚಿತ್ತು. ಅದನ್ನು ಕೂರಿಸಿದವನು ವೈರ್‌ಮನ್ ಕರಿಯಪ್ಪ. ಅವನು ಮುಟ್ಟಿದ್ದು ದೇವರ ಹತ್ತಿರ ಹಾಗೇ ಇರಬಾರದೆಂದು ವೇದವಲ್ಲಮ್ಮ ದಿನಾ ಹೊಸಿಲು ತೊಳೆಯುವಾಗ ಸ್ವಿಚ್ಚಿನ ಮೇಲೂ ಮಡಿನೀರು ಚಿಮುಕಿಸುತ್ತಿದ್ದರು. ಮಂಡಿನೋವು ಬಂದ ಮೇಲೆ ಆ ಕೆಲಸ ಸೊಸೆ ಯದುಗಿರಿಯ ಪಾಲಿಗೆ ಬಂತು.

ಒಂದು ದಿನ ಫ್ಯೂಸು ಹೋಯಿತೆಂದು ಕರಿಯಪ್ಪನನ್ನು ಕರೆಸಿದರು. ಅವನು ಸ್ವಿಚ್ಚಿನ ಮುಚ್ಚಳ ಬಿಚ್ಚಿ ನೋಡಿದವನೇ ತಲೆ ಚಚ್ಚಿಕೊಂಡ.

“ಅಮ್ಮೋರೇ, ಒಳಗೆಲ್ಲ ನೀರು ಐತೆ. ಈ ಕಿಲುಬು ನೋಡಿ. ಇದಕ್ಕೆ ನೀರು ಹಾಕಬ್ಯಾಡಿ ಅಂತ ಹೋದ ಸಲಾನೂ ಹೇಳಿದ್ನಲ್ಲ?”

“ಎರಡು ವರ್ಷದಿಂದ ಹಾಕ್ತಿದೀವಲ್ಲಪ್ಪ, ಏನಾಯ್ತು? ನೀನು ಮುಟ್ಟಿದ್ದನ್ನ ತೊಳೀತೀವಿ ಅಂತ ನಿನಗೆ ಹೊಟ್ಟೆಯುರಿ. ಅದಕ್ಕೇ ಹೆದರಿಸ್ತೀಯ.”

ಕರಿಯಪ್ಪನ ಮುಖ ಚಿಕ್ಕದಾಯಿತು. ಹಾಸನದಲ್ಲಿ ವೈರ್‌ಮನ್ ಪರೀಕ್ಷೆ ಪಾಸು ಮಾಡಿ ಬಂದವನು ಅವನು. ಬೇರೆ ಯಾರಾದರೂ ಆಗಿದ್ದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

“ನನ್ನ ಹೊಟ್ಟೆಯುರಿ ಅತ್ಲಾಗಿರ್ಲಿ ಬುಡಿ, ಲೆಕ್ಕ ಕೇಳಿ. ತಂತೀಲಿ ಇನ್ನೂರ ಮೂವತ್ತು ವೋಲ್ಟು ಐತೆ. ಅದು ಕರೆಂಟನ್ನ ತಳ್ಳೋ ಜೋರು. ಅದಕ್ಕೆ ಅಡ್ಡ ನಿಲ್ಲೋ ತಡೇನ ಓಮ್ ಲೆಕ್ಕದಲ್ಲಿ ಹೇಳ್ತಾರೆ. ವೋಲ್ಟನ್ನ ಓಮಿಂದ ಭಾಗಿಸಿದ್ರೆ ಎಷ್ಟು ಆಂಪಿಯರ್ ಕರೆಂಟು ಹರೀತದೆ ಅಂತ ಸಿಗ್ತದೆ. ಒಣಗಿದ ಚರ್ಮದ ತಡೆ ಬೋ ಜಾಸ್ತಿ, ಲಕ್ಷದ ಹತ್ರಾನೂ ಇರ್ತದೆ. ಮೈ ನೆಂದ್ರೆ ಅದೇ ಸಾವಿರಕ್ಕೆ ಇಳೀತದೆ. ಆಗ ಎಷ್ಟು ಹರೀತದೆ ಹೇಳಿ?”

ಯದುಗಿರಿ ಮಿಡ್ಲ್ ಸ್ಕೂಲು ಓದಿದವಳು, ಬಾಯಿಲೆಕ್ಕದಲ್ಲಿ ಗಟ್ಟಿಗಿತ್ತಿ. “ಕಾಲು ಆಂಪಿಯರಿಗಿಂತ ಸ್ವಲ್ಪ ಕಡಿಮೆ,” ಎಂದಳು.

“ಪಾಯಿಂಟ್ ಎರಡು ಮೂರು. ಸರಿಯಾಗಿ ಹೇಳಿದ್ರಿ ತಾಯಿ.”

“ಕಾಲೂ ಇಲ್ಲ! ಇಷ್ಟಕ್ಕೇನಾ ಈ ಗಲಾಟೆ?” ವೇದವಲ್ಲಮ್ಮ ನಕ್ಕರು.

“ಎದೆ ನಿಲ್ಲೋಕೆ ಅದರಲ್ಲಿ ಅರ್ಧಾನೂ ಬೇಕಿಲ್ಲ ಅಮ್ಮೋರೇ. ನಿಮ್ಮ ಬಲ್ಬು ನಲವತ್ತು ವ್ಯಾಟಿಂದು. ವೋಲ್ಟನ್ನ ಆಂಪಿಯರಿಂದ ಗುಣಿಸಿದ್ರೆ ವ್ಯಾಟು. ನೆಂದ ಮೈಗೆ ಎಷ್ಟಾಗ್ತದೆ, ನೀವೇ ಗುಣಿಸಿ.”

ಯದುಗಿರಿ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆದು ಗುಣಿಸಿದಳು. ಹತ್ತಿರ ಹತ್ತಿರ ಐವತ್ತಮೂರು ಬಂತು. ಬಲ್ಬಿಗಿಂತ ಹೆಚ್ಚು.

“ಒಳಗಿನ ನೀರು ಈ ಹಿತ್ತಾಳೆಗೂ ಕರೆಂಟು ತರ್ತದೆ, ಇದನ್ನ ಕಿತ್ತು ಪಿಂಗಾಣೀದು ಹಾಕಿಸಿ. ಯಾರಾದ್ರೂ ಕರೆಂಟಿಗೆ ಸಿಕ್ಕಾಕಂಡ್ರೆ ಕೈಯಲ್ಲಿ ಮುಟ್ಟಬ್ಯಾಡಿ, ಮೇನ್ ಸ್ವಿಚ್ಚು ಆರಿಸಿ. ಆಗಲಿಲ್ಲ ಅಂದ್ರೆ ಒಣಗಿದ ಮರದಲ್ಲಿ ತಳ್ಳಿ ಬುಡಿಸಿ,” ಎಂದು ಹೇಳಿ ಕರಿಯಪ್ಪ ಹೋದ. ಅವನು ಬೀದಿ ದಾಟುವುದರೊಳಗೆ ವೇದವಲ್ಲಮ್ಮ ಸೊಸೆಗೆ ನೀರಿನ ಚೊಂಬು ತೋರಿಸಿದರು.

ಯದುಗಿರಿ ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಸಂಪತ್ಕುಮಾರ್ ತಾಲ್ಲೂಕು ಕಚೇರಿಯ ಗುಮಾಸ್ತೆ, ತಿಳಿದವನು.

“ನೀನು ಹೇಳೋದು ಸರಿ ಕಣೇ. ಆದರೆ ಅಮ್ಮನಿಗೆ ಹೇಳೋರು ಯಾರು? ಎರಡು ಹನಿ ನೀರಿಗೆ ಮನೇಲಿ ರಂಪ ಬೇಡ. ಸಂಕ್ರಾಂತಿ ಕಳೀಲಿ, ಹೊಸ ಸ್ವಿಚ್ಚು ಹಾಕಿಸೋಣ.”

ಅವಳು ಕೆಲವು ದಿನ ಚಿಮುಕಿಸಿದ ಹಾಗೆ ಮಾಡಿ ನೀರನ್ನು ನೆಲಕ್ಕೆ ಚೆಲ್ಲಿದಳು. ಅತ್ತೆಯ ಕಣ್ಣಿಗೆ ಬಿತ್ತು. “ದೇವರಮನೇಲೇ ಕಳ್ಳಾಟವಾ?” ಎಂದು ಅವರು ಒಂದು ಹೊತ್ತು ಊಟ ಬಿಟ್ಟು ಕೂತರು. ಮರುದಿನದಿಂದ ಯದುಗಿರಿ ಸರಿಯಾಗಿಯೇ ಚಿಮುಕಿಸಿದಳು. ಗುಣಾಕಾರ ಮಾಡಿದ ಅದೇ ಕೈಯಲ್ಲಿ ಚಿಮುಕಿಸಿದಳು.

ಧನುರ್ಮಾಸ. ಬೆಳಕು ಹರಿಯುವ ಮೊದಲೇ ಪೂಜೆಯಾಗಬೇಕು. ಅವಳು ಹೊಸಿಲು ತೊಳೆದು, ಸ್ವಿಚ್ಚಿಗೆ ನೀರು ಹಾಕಿ, ಒಲೆಯ ಮುಂದೆ ಹುಗ್ಗಿಗೆ ಕೂತಿದ್ದಳು. ಸಂಪತ್ಕುಮಾರ್ ಬಾವಿಕಟ್ಟೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ, ಬರಿಗಾಲಲ್ಲೇ ಬಂದು, ತೊಳೆದ ಕಲ್ಲುಹಾಸಿನ ಮೇಲೆ ನಿಂತು ಸ್ವಿಚ್ಚಿಗೆ ಕೈ ಹಾಕಿದ. ಹಿತ್ತಾಳೆ ಮುಚ್ಚಳ ಅವನ ಕೈ ಬಿಡಲಿಲ್ಲ. ಗಂಟಲಿಂದ ಒಂಥರಾ ಸದ್ದು ಬಂತು. ವೇದವಲ್ಲಮ್ಮ ಮಗನನ್ನು ಹಿಡಿಯಲು ಓಡಿದರು. ಯದುಗಿರಿ ಅವರನ್ನು ಹಿಂದಕ್ಕೆ ನೂಕಿ, ಮೂಲೆಯ ಒನಕೆ ತಂದು, ಗಂಡನ ಕೈಗೆ ಹೊಡೆದು ಬಿಡಿಸಿದಳು. ಅತ್ತೆ ಉಳಿದರು. ಅವನು ಉಳಿಯಲಿಲ್ಲ.

ಬೀದಿಯವರು ವಿಧಿಯೆಂದರು, ಕೆಟ್ಟ ಗಳಿಗೆಯೆಂದರು. ಯಾವ ವಿಧಿ? ಚೊಂಬಿನಲ್ಲಿ ತುಂಬಿ ಚಿಮುಕಿಸಿದ ವಿಧಿ!

ಹದಿನಾಲ್ಕನೇ ದಿನ ಕರಿಯಪ್ಪ ಪಿಂಗಾಣಿ ಸ್ವಿಚ್ಚು ಹಿಡಿದು ಬಾಗಿಲಲ್ಲಿ ನಿಂತ. “ಒಳಗೆ ಬಾಪ್ಪ,” ಎಂದರು ವೇದವಲ್ಲಮ್ಮ. ಅವನು ಕೆಲಸ ಮುಗಿಸಿದ ಮೇಲೆ ಯಾರೂ ಸ್ವಿಚ್ಚಿಗೆ ಚಿಮುಕಿಸಲು ನೀರು ತರಲಿಲ್ಲ.

“ಅವತ್ತು ನಾನು ನಿನ್ನ ಮಾತು ಕೇಳಲಿಲ್ಲ. ನನ್ನ ಮಗನ್ನ ನಾನೇ ಕೊಂದೆ,” ಎಂದು ಅವರು ಅತ್ತರು.

“ನೀವು ತಿಳೀದೆ ಮಾಡಿಸಿದ್ರಿ ಅತ್ತೆ. ನಾನು ತಿಳಿದೂ ಮಾಡಿದೆ,” ಎಂದಳು ಯದುಗಿರಿ. ಅವಳಿಗೆ ಅಳು ಬರಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸ್ವಿಚ್ಚಿಗೆ ನೀರು ಸೋಕಿಸಬೇಡಿ, ಅದು ಯಾವ ನೀರೇ ಆಗಲಿ. ಒದ್ದೆ ಕೈ, ಒದ್ದೆ ಬಟ್ಟೆ, ಒದ್ದೆ ನೆಲ, ಮೂರೂ ಕರೆಂಟಿಗೆ ದಾರಿ ಬಿಡುತ್ತವೆ. ಮೈ ಒರೆಸಿಕೊಂಡು, ಒಣಗಿದ ಮಣೆಯ ಮೇಲೆ ನಿಂತು ಸ್ವಿಚ್ಚು ಹಾಕಿ. ವೈರಿನ ಕೆಲಸ ಬಲ್ಲವನು ಹೇಳಿದಾಗ ಅವನು ಯಾರ ಮನೆಯವನೆಂದು ಕೇಳಬೇಡಿ, ಏನು ಹೇಳಿದನೆಂದು ಕೇಳಿ. ಗೊತ್ತಿದ್ದವರು ಮನೆಯಲ್ಲಿ ರಂಪವಾಗುತ್ತದೆಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ರಂಪ ಆಗಲಿ. ಬೆಳಿಗ್ಗೆ ಜಗಳವಾಡಿದವರ ಜೊತೆ ಸಂಜೆ ಊಟಕ್ಕೆ ಕೂರಬಹುದು. ಯದುಗಿರಿಗೆ ಈಗ ಅದೂ ಇಲ್ಲ.