ಎದೆಯ ಮೇಲಿನ ಬಾಲಚುಕ್ಕಿ

ಕಿಟಿ ಕಿಟಿ, ಕಿಟಿ ಕಿಟಿ. ಸ್ಕಾರ್‌ವಿಕ್ ಬಂದರಿನಿಂದ ಗುಡ್ಡಕ್ಕೇರುವ ಕಲ್ಲುಮೆಟ್ಟಿಲುಗಳ ಎರಡೂ ಬದಿ ವಾಸವಾಗಿರುವ ನಮಗೆಲ್ಲ ಆ ಸದ್ದು ಗೊತ್ತು. ಕಡಲಹಕ್ಕಿಗಳ ಜಗಳ, ದೋಣಿಯ ಹಗ್ಗ ಗಾಳಿಗೆ ಕಂಬವನ್ನು ಬಡಿಯುವ ಶಬ್ದ, ಇವೆರಡರ ನಡುವಿನಿಂದ ಉಕ್ಕಿನ ಹೆಣಿಗೆ ಕಡ್ಡಿಗಳ ಆ ಸಣ್ಣ ದನಿ ಮೊದಲು ಮೇಲೇರಿ ಬರುತ್ತದೆ. ಅದರ ಹಿಂದೆ ಡಾರ್ಕಸ್ ವೆದರಿಲ್, ಊರಿಗೆಲ್ಲ ಡಾರ್ಕಸ್ ಅತ್ತೆ, ಬರುತ್ತಾಳೆ.

ನಡೆಯುತ್ತಲೇ ಹೆಣೆಯುವುದು ನಮ್ಮ ಕರಾವಳಿಯ ಹೆಂಗಸರ ಹಳೆಯ ಅಭ್ಯಾಸ. ಒಂದು ಕಡ್ಡಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಮೀನಿನ ಬುಟ್ಟಿ ಬೆನ್ನಿಗೇರಿಸಿ, ಗಂಡನನ್ನು ಬೈಯುತ್ತ ಹೆಣೆದವರು ಈಗ ಬಹಳ ಮಂದಿ ಉಳಿದಿಲ್ಲ. ಉಳಿದವರಲ್ಲಿ ಡಾರ್ಕಸ್ ಅತ್ತೆಯಂತೆ ಕೈ ಕೆಳಗೆ, ಕಣ್ಣು ಆಕಾಶಕ್ಕೆ ಮಾಡಿಕೊಂಡು ನಡೆಯುವವರಂತೂ ಯಾರೂ ಇಲ್ಲ. ಎಂಬತ್ತು ದಾಟಿದ ಮೇಲೂ ಅವಳು ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಚಹಾ ಕೊಟ್ಟರೆ ನಿಂತು, ಒಲೆಗೂ ಕಿಟಕಿಗೂ ನಡುವೆ ಓಡಾಡುತ್ತ ಕುಡಿಯುತ್ತಾಳೆ. ದಾರಿಯಲ್ಲಿ ಬುಟ್ಟಿಯೊಂದನ್ನು ಎಡವಿದರೆ ಬುಟ್ಟಿಯನ್ನೇ ಗದರಿಸುತ್ತಾಳೆ. ಮೈಮೇಲೆ ಸದಾ ಅಪ್ಪನ ಕಪ್ಪು ಕೋಟು, ತೋಳು ಎರಡು ಮಡಿಕೆ ಮಡಚಿದ್ದು. ಅದರ ಜೇಬಿನಿಂದ ನೀಲಿ ನೂಲು ಹೊರಟು ಅವಳ ಬೆರಳುಗಳಿಗೆ ಹರಿಯುತ್ತಿರುತ್ತದೆ.

ಇಲ್ಲಿ ಪ್ರತಿಯೊಂದು ಮೀನುಗಾರರ ಊರಿಗೂ ಸ್ವೆಟರಿನ ಹೆಣಿಗೆಯಲ್ಲಿ ತನ್ನದೇ ಚಿತ್ತಾರವಿದೆ. ಕಡಲು ಹಿಂದಿರುಗಿಸಿದ ದೇಹದ ಮುಖ ಗುರುತು ಸಿಗದಿದ್ದರೂ ಅವನು ಯಾವ ಊರಿನವನೆಂದು ಅಂಗಿ ಹೇಳುತ್ತದೆ. ನಮ್ಮೂರಿನದು ಏಣಿ ಮತ್ತು ಹಗ್ಗ. ಅದರ ಮೇಲೆ, ಎದೆಯ ಎಡಭಾಗದಲ್ಲಿ ಒಂದು ಬಾಲಚುಕ್ಕಿಯನ್ನು ಸೇರಿಸಿದವಳು ಡಾರ್ಕಸ್ ಅತ್ತೆ. ಮೊದಮೊದಲು ನಕ್ಕ ಗಂಡಸರು ಈಗ ಆ ಚುಕ್ಕಿಯಿಲ್ಲದ ಅಂಗಿ ತೊಟ್ಟು ದೋಣಿ ಹತ್ತಲು ಹಿಂಜರಿಯುತ್ತಾರೆ.

ಅದು ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು. ಏಳು ವರ್ಷದವಳಿದ್ದಾಗ, ಸಾವಿರದ ಒಂಬೈನೂರ ಹತ್ತರಲ್ಲಿ, ಅವಳು ಅದನ್ನು ಕಂಡಿದ್ದಳು. ಅಪ್ಪ ಅವಳನ್ನು ಬೋರಲು ಹಾಕಿದ ಪೀಪಾಯಿಯ ಮೇಲೆ ನಿಲ್ಲಿಸಿ, “ನೋಡ್ಕೋ ಮಗಳೇ, ನೀನು ಮುದುಕಿಯಾದಾಗ ಮತ್ತೆ ಬರ್ತಾನೆ” ಎಂದಿದ್ದ. ಆ ವರ್ಷದ ಎಲೆ ಉದುರುವ ಕಾಲಕ್ಕೆ ಅಪ್ಪನ ದೋಣಿ ಹಿಂದಿರುಗಲಿಲ್ಲ. ಕೋಟು ಬಾಗಿಲ ಹಿಂದಿನ ಗೂಟದಲ್ಲಿ ಉಳಿಯಿತು, ಮಾತು ಮಗಳಲ್ಲಿ ಉಳಿಯಿತು. ಅವಳ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವಿದೆ: ಒಂಬೈನೂರು ವರ್ಷಗಳ ಹಿಂದೆ ಇದೇ ಧೂಮಕೇತುವನ್ನು ಅಪಶಕುನವೆಂದು ಬೆರಳು ಮಾಡಿ ತೋರಿಸುತ್ತಿರುವ ಜನ, ಪಕ್ಕದಲ್ಲಿ ಸಿಂಹಾಸನ ಕಳೆದುಕೊಳ್ಳಲಿರುವ ರಾಜ, ಎಲ್ಲವೂ ಉಣ್ಣೆಯ ಕಸೂತಿ. “ರಾಜ ಹೋದ, ಉಣ್ಣೆ ಉಳೀತು ನೋಡು” ಎನ್ನುತ್ತಾಳೆ.

ಸಾವಿರದ ಒಂಬೈನೂರ ಎಂಬತ್ತೈದರ ಚಳಿಗಾಲ ಬಂದಾಗ ಅವಳ ನಡಿಗೆ ಓಟವಾಯಿತು. ಅವಳ ತಮ್ಮನ ಮಗ ಸೆತ್ ಬಂದರಿನಲ್ಲಿ ಬಲೆ ತೇಪೆ ಹಾಕುತ್ತ ಕೂಗುತ್ತಿದ್ದ:

“ಏನತ್ತೆ, ಮದುಮಗ ಎಲ್ಲಿವರೆಗೆ ಬಂದ?”

“ಬರ್ತಿದಾನೆ. ನಿನ್ನ ಹಾಗೆ ದಾರೀಲಿ ಹೆಂಡದಂಗಡಿ ಕಂಡರೆ ನಿಂತುಬಿಡೋ ಆಸಾಮಿ ಅಲ್ಲ ಅವನು.”

ಡಿಸೆಂಬರಿನಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ಶಾಲೆಯ ಆರ್ಮರಾಡ್ ಮೇಷ್ಟ್ರು ಧೂಮಕೇತುವಿನ ಬಗ್ಗೆ ಭಾಷಣ ಏರ್ಪಡಿಸಿದರು. ಅದನ್ನು ಎರಡನೆಯ ಸಲ ನೋಡಲಿರುವ ಊರಿನ ಏಕೈಕ ವ್ಯಕ್ತಿಯೆಂದು ಮೊದಲ ಮಾತು ಅತ್ತೆಯದೇ. ಅವಳು ಕೋಣೆಯ ಉದ್ದಕ್ಕೂ ಓಡಾಡುತ್ತ, ಹೆಣೆಯುತ್ತ, ನಾವೆಲ್ಲ ನೂರು ಸಲ ಕೇಳಿದ್ದನ್ನು ಹೇಳಿದಳು: ಮಾಡುಗಳ ಮೇಲೆಲ್ಲ ಹಿಮ, ಸೂರ್ಯ ಆಗಷ್ಟೇ ಮುಳುಗಿದ ಪಡುವಣ, ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದಂಥ ಬಾಲ. ಮೇಷ್ಟ್ರು ಕೆಮ್ಮಿದರು. ಮತ್ತೆ ಕೆಮ್ಮಿದರು.

“ಯಾಕೆ ಮೇಷ್ಟ್ರೇ, ಗಂಟಲಲ್ಲಿ ಮುಳ್ಳು ಸಿಕ್ಕಿತಾ?”

“ಏನಿಲ್ಲಮ್ಮ... ಹಿಮ ಇತ್ತು ಅಂದ್ರಲ್ಲ, ಅದು ಖಚಿತಾನಾ?”

“ಹಿಮ ಇಲ್ದೆ? ಪೀಪಾಯಿ ಮೇಲೆ ಜಾರಿ ಬಿದ್ದು ಹಲ್ಲು ಮುರ್ಕೊಂಡಿದ್ದೀನಿ!”

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. “ಹ್ಯಾಲಿ ಕಂಡಿದ್ದು ಮೇ ತಿಂಗಳಲ್ಲಿ, ಅಮ್ಮ, ಹಿಮವೆಲ್ಲ ಕರಗಿದ ಮೇಲೆ. ಆ ವರ್ಷ ಜನವರೀಲಿ ಬೇರೊಂದು ಬಂದಿತ್ತು, ಯಾರೂ ಎಣಿಸದೆ ಇದ್ದಿದ್ದು, ಇದಕ್ಕಿಂತ ದೊಡ್ಡದು. ಹ್ಯಾಲಿ ಬರುತ್ತೆ ಅಂತ ಎಲ್ಲ ಕಾಯ್ತಿದ್ರಲ್ಲ, ಎಷ್ಟೋ ಜನ ಅದನ್ನೇ ಹ್ಯಾಲಿ ಅಂದ್ಕೊಂಡ್ರು.”

“ಆ ಇನ್ನೊಂದು ಯಾವಾಗ ಬರುತ್ತೆ?” ಅತ್ತೆ ಕೇಳಿದಳು.

“ಅದು ಬರೋದಿಲ್ಲ. ನಾವು ಯಾರೂ ಇರೋ ಕಾಲಕ್ಕಂತೂ ಇಲ್ಲ.”

ಕಡ್ಡಿಗಳ ಸದ್ದು ನಿಂತಿತು. ಅದು ನಿಂತದ್ದನ್ನು ಕೇಳಿಸಿಕೊಂಡದ್ದು ನಾವು ಅದೇ ಮೊದಲು. “ಮೇ ತಿಂಗಳಲ್ಲಿ ನಾನೇನು ಮಾಡ್ತಿದ್ದೆ ಹಾಗಾದ್ರೆ?” ಎಂದು ಅವಳು ಯಾರನ್ನೂ ನೋಡದೆ ಕೇಳಿದಳು, ಮತ್ತು ತಾನೇ ಉತ್ತರಿಸಿದಳು: “ಬಾಲದಲ್ಲಿ ವಿಷದ ಗಾಳಿ ಇದೆ ಅಂತ ಅಮ್ಮ ಬೀಗದ ಕಿಂಡಿಗೆಲ್ಲ ಬಟ್ಟೆ ತುರುಕಿದ್ಳು. ನಮ್ಮನ್ನ ಕೌದಿಯೊಳಗೆ ಹಾಕಿ ಮೇಲೆ ತಾನೇ ಮಲಗಿದ್ಳು. ಹ್ಯಾಲಿ ಹೊರಗಿದ್ದ, ನಾನು ನೋಡ್ಲೇ ಇಲ್ಲ.” ಎರಡು ನೆನಪುಗಳನ್ನು ಒಂದೇ ನೂಲಿನಲ್ಲಿ ಹೆಣೆದುಕೊಂಡು ಅವಳು ಇಷ್ಟು ದೂರ ಬಂದಿದ್ದಳು.

ಆಮೇಲೆ ಮೆಟ್ಟಿಲುಗಳ ಮೇಲೆ ಬರಿಯ ಹೆಜ್ಜೆಯ ಸದ್ದು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಅವಳು ಬಂದರಿಗೂ ಗುಡ್ಡಕ್ಕೂ ಅಲೆದಳು. ಸೆತ್‌ಗೆಂದು ಅರ್ಧ ಮುಗಿದಿದ್ದ ಅಂಗಿಯ ಎದೆಭಾಗವನ್ನು ಬಿಚ್ಚಿಹಾಕಿದಳು. ಅವನು ಓಡಿಬಂದ.

“ಏನತ್ತೆ ಇದು! ನಾನು ತೊಟ್ಕೊಳ್ಳೋದೇನು?”

“ಏಣಿ ಹಗ್ಗ ಹಾಕ್ಕೊಡ್ತೀನಿ. ಚುಕ್ಕಿ ಸುಳ್ಳು ಕಣೋ. ಅಪ್ಪ ತಪ್ಪು ಹೇಳಿದ್ದ.”

“ಯಾವ ಚುಕ್ಕಿ ಅಂತ ಸಮುದ್ರ ಇವತ್ತಿನ ತನಕ ಕೇಳಿಲ್ಲ ನನ್ನ.”

“ಸಮುದ್ರಕ್ಕೆ ಬುದ್ಧಿ ಇದ್ದಿದ್ರೆ ನಿನ್ನನ್ನ ವಾಪಸ್ಸೇ ಕಳಿಸ್ತಿರಲಿಲ್ಲ.” ಬೈಗುಳವೇನೋ ಹಳೆಯದೇ, ಆದರೆ ದನಿ ಅವಳದಾಗಿರಲಿಲ್ಲ.

ಜನವರಿಯ ಒಂದು ತಿಳಿಸಂಜೆ ಸೆತ್ ಹಡಗಿನ ದುರ್ಬೀನು ಹಿಡಿದು ಅವಳನ್ನು ಬಲವಂತವಾಗಿ ಗುಡ್ಡಕ್ಕೆ ಕರೆದೊಯ್ದ. ನಾನೂ ಹಿಂದೆ ಹೋದೆ. ಸೂರ್ಯ ಮುಳುಗಿದ ದಿಕ್ಕಿನಲ್ಲಿ, ಬಹಳ ಹುಡುಕಿದ ಮೇಲೆ, ಅದು ಸಿಕ್ಕಿತು. ಅತ್ತೆ ದುರ್ಬೀನನ್ನು ಕಣ್ಣಿಗೊತ್ತಿ, ಬಹುಶಃ ಜೀವನದಲ್ಲೇ ಮೊದಲ ಬಾರಿಗೆ, ಅಲುಗದೆ ನಿಂತಳು.

“ಇಷ್ಟೇನಾ?” ಎಂದಳು. “ಮಗು ಕಿಟಕಿ ಗಾಜಿನ ಮೇಲೆ ಉಸಿರು ಬಿಟ್ಟ ಹಾಗಿದೆ.”

“ನಿನ್ನ ಗೋಡೆ ಮೇಲಿನ ರಾಜನಿಗೆ ರಾಜ್ಯ ಹೋಗಿದ್ದು ಇವನಿಂದಲೇ, ಅತ್ತೆ,” ಎಂದ ಸೆತ್.

“ಪಾಪ, ದೂರದಿಂದ ಬಂದಿದಾನೆ. ಹೋಗ್ಲಿ ಬಿಡು.” ದುರ್ಬೀನನ್ನು ನನ್ನ ಕೈಗೆ ತುರುಕಿ ಅವಳು ಅಪ್ಪನ ಕೋಟಿನ ಜೇಬಿಗೆ ಕೈ ಹಾಕಿದಳು. ಅರೆಗತ್ತಲಲ್ಲಿ ಉಕ್ಕು ಮಿನುಗಿತು. “ಇವನಿಗೇನು, ಮತ್ತೆ ಬರ್ತಾನೆ. ಮತ್ತೆ ಬಾರದ ಆ ಇನ್ನೊಬ್ಬನಿಗೆ ಬೇರೆ ಜಾಗ ಇಲ್ಲ ಕಣೋ ಸೆತ್. ನಿನ್ನೆದೆ ಮೇಲೇ ಇರ್ಬೇಕು.”

ಆಕಾಶದ ಲೆಕ್ಕ ಹಾಕುವವರು ಮರಳಿ ಬರುವುದಕ್ಕೆ ಹೆಸರಿಡುತ್ತಾರೆ, ಕಾಲವನ್ನು ಮೊದಲೇ ಹೇಳಿಡುತ್ತಾರೆ. ಮರಳಿ ಬಾರದ್ದನ್ನು ಕಾಯ್ದುಕೊಳ್ಳಲು ಇನ್ನೊಂದು ಬಗೆಯ ಜನ ಬೇಕು. ಅವರು ತಪ್ಪು ಹೆಸರು ಹಿಡಿದೇ ಬದುಕಬಹುದು, ತಪ್ಪು ದಿಕ್ಕಿಗೆ ಕಣ್ಣಿಟ್ಟು ದಾರಿಯ ಬುಟ್ಟಿಗಳನ್ನೆಲ್ಲ ಎಡವಬಹುದು. ಆದರೂ ಒಮ್ಮೆ ಕಂಡದ್ದನ್ನು ಅವರು ಕೈಯಿಂದ ಕೆಳಗಿಡುವುದಿಲ್ಲ, ಅದಕ್ಕಾಗಿಯೇ ಅವರಿಗೆ ಕೂರುವುದಕ್ಕೆ ಬಿಡುವಿಲ್ಲ.

ಕಿಟಿ ಕಿಟಿ ಆಗಲೇ ಇಳಿಜಾರಿನಲ್ಲಿತ್ತು. “ತೋಳಿನ ಅಳತೆ ಕೊಡು ನಾಳೆ, ಕುಡಿದು ಕುಡಿದು ಊದಿಕೊಂಡಿದೀಯ,” ಅವಳು ತಿರುಗದೆ ಹೇಳುತ್ತ ಹೋದಳು, “ಬಾಲ ಮಾತ್ರ ಮೇಲಕ್ಕೇ ಇರ್ಬೇಕು, ಹಿಮದಲ್ಲಿ ಅದು ಹೇಗೆ ಕಾಣ್ತಿತ್ತು ಅಂದ್ರೆ, ಅಪ್ಪ ನನ್ನ ಕೈ ಹಿಡ್ಕೊಂಡು—”