ಅನುಕಂಪದ ಕುರ್ಚಿ

ಗಂಡ ಸತ್ತರೆ ಹೆಂಡತಿಗೆ ಅನುಕಂಪದ ಆಧಾರದ ಮೇಲೆ ಸರ್ಕಾರಿ ಕೆಲಸ ಸಿಗುವುದುಂಟು. ನನ್ನ ಗಂಡ ಶಶಿಕುಮಾರ್ ಸರ್ಕಾರಿ ನೌಕರನಲ್ಲ, ಹಾಸನದ ನಮ್ಮ ಪುಟ್ಟ ರಗ್ಬಿ ಕ್ಲಬ್ಬಿನ ಕೋಚ್. ಹಾಗಾಗಿ ನನಗೆ ಸಿಕ್ಕಿದ್ದು ಆಯ್ಕೆ ಸಮಿತಿಯಲ್ಲಿ ಅವನು ಕೂರುತ್ತಿದ್ದ ಪ್ಲಾಸ್ಟಿಕ್ ಕುರ್ಚಿ. ಅದರ ಒಂದು ಕಾಲು ಸೀಳು ಬಿಟ್ಟಿದೆ.

ಅವನು ಹೋಗಿ ಆರು ತಿಂಗಳಾಗಿತ್ತು. ಇಪ್ಪತ್ತು ವರ್ಷದೊಳಗಿನ ಹುಡುಗಿಯರ ಭಾರತ ತಂಡದ ಶಿಬಿರಕ್ಕೆ ನಾವು ಒಂದು ಹೆಸರು ಕಳಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಟ್ರಯಲ್ಸ್ ಮುಗಿಸಿ ಮೂವರು ಬೇವಿನ ಮರದ ಕೆಳಗೆ ಕೂತೆವು. ಅಧ್ಯಕ್ಷರು ಹೊಳೆನರಸೀಪುರದ ಪುಟ್ಟರಾಜಣ್ಣ, ಹಳೇ ಕಬಡ್ಡಿ ಆಟಗಾರ. ಇನ್ನೊಬ್ಬರು ಚನ್ನರಾಯಪಟ್ಟಣದ ಸಂಪತ್ಕುಮಾರ, ನಿವೃತ್ತ ಡ್ರಿಲ್ ಮೇಷ್ಟ್ರು. ಇಬ್ಬರೂ ರಗ್ಬಿ ಆಡಿದವರಲ್ಲ. ನಾನೂ ಅಲ್ಲ.

“ಧನ್ಯಾನೇ ಓಗ್ಬೇಕು,” ಎಂದರು ಪುಟ್ಟರಾಜಣ್ಣ. “ನಮ್ಮಣ್ಣನ ಮಗ್ಳು ಅಂತ ಯೋಳ್ತಿಲ್ಲ ಕಣವ್ವ.”

“ಅಲ್ಲದಿದ್ರೆ ಅವಳ ಹೆಸರೇ ನಿನಗೆ ಗೊತ್ತಿರ್ತಿರಲಿಲ್ಲ ಪುಟ್ಟರಾಜು,” ಎಂದರು ಮೇಷ್ಟ್ರು. “ಓಟ ಅಂದ್ರೆ ನಮ್ಮೂರಿನ ಶೋಭಿತಾದು. ಚೆಂಡು ಕೈಗೆ ಬಂತು ಅಂದ್ರೆ ಮಿಂಚು.”

“ಕೈಗೆ ಬಂದ್ರೆ ತಾನೇ ಮೇಷ್ಟ್ರೇ! ಬಿಸಿ ಬೋಂಡ ಇಡ್ಕೊಂಡಂಗೆ ಇಡೀತಾಳೆ. ಇವತ್ತು ನಾಕು ಸಲ ಬೀಳ್ಸುದ್ಲು.”

“ನಿಮ್ಮ ಧನ್ಯಾ ತಾನೇ ಬೀಳ್ತಾಳೆ. ಬಿದ್ದ ತಕ್ಷಣ ಜಡೆ ಸರಿಯಿದೆಯಾ ಅಂತ ಮುಟ್ಟಿ ನೋಡ್ಕೋತಾಳೆ.”

“ಆಶಾರಾಣಿ?” ಎಂದೆ.

ಇಬ್ಬರೂ ಒಟ್ಟಿಗೆ ನಕ್ಕರು. ಅರಕಲಗೂಡು ಕಡೆಯ ಕೊಣನೂರಿನ ಆಶಾರಾಣಿ ಕಬಡ್ಡಿಯಿಂದ ಬಂದವಳು. ಹೋದ ವರ್ಷ ತನ್ನ ಮೊದಲ ಪಂದ್ಯದಲ್ಲಿ ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗಿ, ಮೂವರನ್ನು ಮುಟ್ಟಿ, ಎದುರಾಳಿಯ ಗೆರೆ ದಾಟುವುದು ಬಿಟ್ಟು ಕಬಡ್ಡಿಯಲ್ಲಿದ್ದಂತೆ ತಿರುಗಿ ತನ್ನ ಕಡೆಗೇ ಓಡಿ ಬಂದು ತೊಡೆ ತಟ್ಟಿದ್ದಳು. ಮೂರು ಪಾಯಿಂಟ್ ಬಂತೆಂದು ಕೊಣನೂರಿನವರು ಶಿಳ್ಳೆ ಹೊಡೆದಿದ್ದರು.

“ಮುಂದಿನ ತಿಂಗಳು ಅವಳಿಗೆ ಇಪ್ಪತ್ತು ತುಂಬುತ್ತೆ. ಈ ಸಲ ಬಿಟ್ಟರೆ ಇನ್ನಿಲ್ಲ,” ಎಂದೆ. “ಇವತ್ತು ನಿಮ್ಮ ಇಬ್ಬರು ಹುಡುಗೀರನ್ನೂ ಚೆಂಡು ಸಮೇತ ಕೆಡವಿದ್ದು ಅವಳೇ.”

“ನಮ್ಮನೆ ಎಮ್ಮೇನೂ ಕೆಡುವುತ್ತೆ. ಅದ್ನೂ ಕಳ್ಸಾನಾ?”

“ಅದಕ್ಕೂ ಇಪ್ಪತ್ತಾಗಿಲ್ಲ, ಅಡ್ಡಿಯಿಲ್ಲ,” ಎಂದರು ಮೇಷ್ಟ್ರು.

ಆಶಾರಾಣಿ ದೂರದ ನಲ್ಲಿಯಲ್ಲಿ ಮೊಣಕಾಲಿನ ಮಣ್ಣು ತೊಳೆಯುತ್ತಿದ್ದಳು. ಮಣ್ಣು ಹೋಗಿ ಬಹಳ ಹೊತ್ತಾಗಿತ್ತು. ಕೊಣನೂರಿನ ಬಸ್ಸೂ ಹೋಗಿತ್ತು.

“ಶಶಿ ಇದ್ದಿದ್ರೆ ಧನ್ಯಾ ಅಂತಿದ್ದ,” ಎಂದರು ಪುಟ್ಟರಾಜಣ್ಣ. “ನನ್ ತಾವ ಯೋಳಿದ್ದ.”

ಮೇಷ್ಟ್ರ ಹತ್ತಿರ ಶೋಭಿತಾ ಅಂದಿದ್ದನಂತೆ. ಬದುಕಿದ್ದಾಗ ಒಂದೇ ಓಟು ಇದ್ದವನಿಗೆ ಸತ್ತ ಮೇಲೆ ಎರಡು.

“ನೀನೇ ಯೋಳವ್ವ ಸಿಂಧು. ನಿನ್ ಗಂಡ ಏನಂದಿದ್ದ?”

ಅವನು ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಪಂದ್ಯ ಮುಗಿಸಿ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕು, ಅನ್ನಕ್ಕೆ ಸಾರು ಕಲಸುತ್ತಾ ಹೇಳಿದ್ದ: “ಆ ಹುಡುಗಿ ಜನ್ಮದಲ್ಲಿ ರಗ್ಬಿಗಾಗಲ್ಲ ಕಣೇ.” ಆಗುತ್ತೆ ಅಂದಿದ್ದೆ. ಸಾರು ಆರುವವರೆಗೂ ಜಗಳವಾಡಿದ್ದೆವು.

“ಆಶಾರಾಣಿ ಅಂದಿದ್ರು,” ಎಂದೆ.

ಗಂಡನನ್ನು ಕಳೆದುಕೊಂಡವಳ ಹತ್ತಿರ ಸಾಕ್ಷಿ ಕೇಳುವುದು ಹೇಗೆ? ಪುಟ್ಟರಾಜಣ್ಣ ಮೂಗು ತಿಕ್ಕಿಕೊಂಡರು.

“ಓಗ್ಲಿ ಬುಡಿ ಮೇಷ್ಟ್ರೇ. ಚನ್ರಾಯಪಟ್ಣದ ಪಾಲಾಗೋದ್ಕಿಂತ ಅರ್ಕಲ್ಗೂಡ್ಗೇ ಓಗ್ಲಿ.”

“ನಾನೂ ಅದನ್ನೇ ಯೋಚಿಸ್ತಿದ್ದೆ, ಹೊಳೆನರಸೀಪುರದ ಬಗ್ಗೆ,” ಎಂದರು ಮೇಷ್ಟ್ರು.

ಮೂವರೂ ಸಹಿ ಹಾಕಿದೆವು. ಕರೆದು ಹೇಳಿದಾಗ ಆಶಾರಾಣಿ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

“ಈ ಸಲ ವಾಪಸ್ ಓಡ್ಬರಾಕಿಲ್ಲ ಕಣಕ್ಕ.”

ಶಶಿ ಇದ್ದಿದ್ದರೆ ಇದಕ್ಕೆ ಒಂದು ವಾರ ಜಗಳವಾಡುತ್ತಿದ್ದ. ಬೇಕಿದ್ದರೆ ಬಂದು ಜಗಳವಾಡಲಿ.