ಕೋಟು ಹಾಕಿದ ಮೇಲೇ ಫೋನು

ನನ್ನ ಮಗ ಮೊಣ್ಣಪ್ಪನಿಗೆ ಬುದ್ಧಿ ಇಲ್ಲ ಅಂತ ನಾನು ಹೇಳೋದಿಲ್ಲ, ಹೆತ್ತವಳು ಹಾಗೆ ಹೇಳಬಾರದು. ಆದರೆ ಮಿಲಿಟರಿಯಲ್ಲಿ ಇನ್ನೂ ಐದು ವರ್ಷ ಇರ್ತೇನೆ ಅಂತ ಸಹಿ ಹಾಕಬೇಕಾ, ಬಿಟ್ಟು ಮನೆಗೆ ಬರಬೇಕಾ ಅನ್ನೋದನ್ನ ಅವನು ಕೇಳಿದ್ದು ನನ್ನನ್ನಲ್ಲ, ಅವನ ಅಪ್ಪನನ್ನೂ ಅಲ್ಲ. ಹೆಂಡತಿ ದಮಯಂತಿಯನ್ನ. ಅದೂ ಕಾಗದದಲ್ಲಿ ಬೇಡವಂತೆ. "ಕಾಗದ ಆದ್ರೆ ಅಪ್ಪ ಹೇಳಿಕೊಟ್ಟದ್ದನ್ನೇ ಬರೀತಾಳೆ. ನಂಗೆ ಅವಳ ಬಾಯಿಂದ ಕೇಳ್ಬೇಕು. ಭಾನುವಾರ ಬೆಳಿಗ್ಗೆ ಎಸ್ಟೇಟ್ ಆಫೀಸಿಗೆ ಟ್ರಂಕ್ ಕಾಲ್ ಮಾಡ್ತೇನೆ" ಅಂತ ಬರೆದಿದ್ದ. ನಂಗೆ ಮೈಯೆಲ್ಲ ಉರಿದುಹೋಯ್ತು. ಹೊತ್ತು ಹೆತ್ತವಳು ನಾನು, ಕೇಳೋದು ಮೊನ್ನೆ ಬಂದ ಇವಳನ್ನ.

ನಮ್ಮವರು, ಬೆಳ್ಯಪ್ಪ ಅಂತ, ನೆಲ್ಯಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಪಿಕ್ಕಿಂಗ್ ಲೆಕ್ಕ ಎಲ್ಲ ಅವರ ತಲೆ ಮೇಲೆ. ಮಗ ಸಹಿ ಹಾಕಲಿ ಅಂತ ಅವರ ಹಠ. ಅವನು ರಜೆಗೆ ಬಂದಾಗ ಯೂನಿಫಾರಂ ಹಾಕಿಸಿ ಸಂತೆಯೆಲ್ಲ ತಿರುಗಿಸಿಕೊಂಡು ಬರೋದೇ ಅವರಿಗೆ ಹುತ್ತರಿ ಹಬ್ಬ. ನಂಗೆ ಅವನು ಮನೆಗೆ ಬಂದ್ರೆ ಸಾಕು. ದಮಯಂತಿಯ ಮನಸ್ಸಲ್ಲಿ ಎಂತ ಉಂಟು ಅಂತ ಯಾರಿಗೂ ಗೊತ್ತಿಲ್ಲ. ಮಾತು ಕಡಿಮೆ. ಮಡಿಕೇರಿಯಲ್ಲಿ ಓದಿದವಳು, ಮಿಲಿಟರಿಯವನ ಹೆಂಡತಿ ಅನ್ನಿಸಿಕೊಳ್ಳೋದು ಅವಳಿಗೂ ರುಚಿಯೇ ಇರ್ಬೇಕು ಅಂತ ನಾನು ಅಂದುಕೊಂಡಿದ್ದೆ.

ಮೊದಲ ಭಾನುವಾರ ಮೂವರೂ ಆಫೀಸಿಗೆ ಹೋಗಿ ಗೋಡೆಗೆ ಹೊಡೆದ ಫೋನಿನ ಎದುರು ಕೂತೆವು. ಎಷ್ಟು ಹೊತ್ತಾದ್ರೂ ಗಂಟೆ ಇಲ್ಲ. ಕೊನೆಗೆ ಹೊಡೀತು. ದಮಯಂತಿ ಹಾರಿ ಎತ್ತಿದಳು. "ದಮಯಂತಿ, ಕೇಳು" ಅಂತ ಅವನ ಸ್ವರ ಬಂತಂತೆ, ಅಷ್ಟೇ. ಸಿದ್ದಾಪುರ ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಪೊನ್ನಮ್ಮ "ಮೂರು ನಿಮಿಷ ಆಯ್ತು" ಅಂತ ಲೈನ್ ಕಿತ್ತಳು. ಎರಡನೇ ಭಾನುವಾರವೂ ಇದೇ ಕತೆ. ಆಮೇಲೆ ಮಗನ ಕಾಗದ ಬಂತು. "ಬರುವ ಭಾನುವಾರವೇ ಕೊನೆ. ಸೋಮವಾರ ಸಹಿ ಕೇಳ್ತಾರೆ. ಅವತ್ತೂ ಅವಳು ಸಿಗದಿದ್ರೆ ಹಾಕಿಬಿಡ್ತೇನೆ."

ನಾನು ಅವತ್ತೇ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಪೊನ್ನಮ್ಮನ ಎದುರು ನಿಂತು ಕೇಳಿದೆ, "ಏನಮ್ಮ, ನನ್ನ ಮಗನ ಮೂರು ನಿಮಿಷ ಎಲ್ಲಿಗೆ ಹೋಯ್ತು?"

"ನನ್ನ ಸೆರಗಲ್ಲಿ ಕಟ್ಟಿಕೊಂಡಿಲ್ಲ ತಂಗಮ್ಮಕ್ಕ" ಅಂದಳು ಅವಳು. "ಟ್ರಂಕ್ ಕಾಲಿಗೆ ಮೂರೇ ನಿಮಿಷ, ದೂರದ ಲೈನ್ ಸಿಕ್ಕಿದ ಗಳಿಗೆಯಿಂದ ಲೆಕ್ಕ. ಸಿಕ್ಕಿದ ಕೂಡಲೇ ನಿಮ್ಮ ಎಸ್ಟೇಟಿಗೆ ರಿಂಗ್ ಮಾಡ್ತೇನೆ. ನಿಮ್ಮಲ್ಲೇ ಎತ್ತಲಿಕ್ಕೆ ತಡ ಮಾಡ್ತಾರೆ."

ನಾವು ಗಂಟೆ ಹೊಡೆದ ಕೂಡಲೇ ಎತ್ತಿದ್ದು ಸತ್ಯ. ಅವಳು ಕೂಡಲೇ ಗಂಟೆ ಹೊಡೆದದ್ದೂ ಸುಳ್ಳಿರಲಾರದು. ಹಾಗಾದ್ರೆ ನಡುವಿನ ಹೊತ್ತನ್ನ ನುಂಗಿದ್ದು ಯಾರು?

ಲೈನ್‌ಮನ್ ಬೊಳ್ಳಪ್ಪನನ್ನ ಹಿಡಿದು ತಂದೆ. ತಂತಿಗೆ ಬಿದಿರು ತಾಗ್ತಾ ಉಂಟು ಅಂದ. ಆಳು ಬಿಟ್ಟು ಬಿದಿರು ಕಡಿಸಿದೆವು. ಬ್ಯಾಟರಿ ಸತ್ತಿದೆ ಅಂದ. ಹೊಸದು ಹಾಕಿದ. ಆಮೇಲೆ ಕಂಬಕ್ಕೆ ಆನೆ ಮೈ ಉಜ್ಜಿದೆ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ಮಾಡಿ ಸಿದ್ದಾಪುರದಿಂದ ರಿಂಗ್ ಮಾಡಿಸಿ ನೋಡಿದ್ರೆ ನಮ್ಮ ಫೋನು ಮೊದಲಿನಷ್ಟೇ ನಿಧಾನ. ನಮ್ಮವರು ಬೇಕಂತಲೇ ಆಕಳಿಸಿದರು. "ಬಿಡು ತಂಗಮ್ಮ. ಸಹಿ ಹಾಕ್ತಾನೆ, ಒಳ್ಳೇದೇ ಆಯ್ತು."

ಆ ಮಾತು ಕೇಳಿದ್ದೇ ನನ್ನ ಹಠ ಎರಡರಷ್ಟಾಯ್ತು. "ಬೊಳ್ಳಪ್ಪ, ಈ ತಂತಿ ಸಿದ್ದಾಪುರದಿಂದ ಸೀದಾ ಈ ಆಫೀಸಿಗೇ ಬರ್ತದಾ?"

"ಎಲ್ಲಿ ಬರ್ತದಮ್ಮ" ಅಂದ ಅವನು. "ಮೊದಲು ಬಂಗಲೆಗೆ. ಅಲ್ಲಿಂದ ಇಲ್ಲಿಗೆ."

ಬಂಗಲೆ ಅಂದ್ರೆ ಗುಡ್ಡದ ಮೇಲಿನ ದೊರೆ ಬಂಗಲೆ. ಕೊಡಗು ಮೈಸೂರಿಗೆ ಸೇರಿದ ವರ್ಷ ದೊರೆ ಎಸ್ಟೇಟ್ ಮಾರಿ ತನ್ನ ದೇಶಕ್ಕೆ ಹಡಗು ಹತ್ತಿದ. ಕೊಂಡ ಯಜಮಾನರು ಆ ಕಡೆ ತಲೆ ಹಾಕಿದವರಲ್ಲ. ಅಲ್ಲಿ ಈಗ ಇರೋದು ದೊರೆಯ ಬಟ್ಲರ್ ಆಗಿದ್ದ ಜವರ ಒಬ್ಬನೇ. ಧೂಳು ಹೊಡೆದುಕೊಂಡು ಇದ್ದಾನೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ರಿಂಗ್ ಮಾಡು ಅಂತ ಪೊನ್ನಮ್ಮನಿಗೆ ಹೇಳಿಕಳಿಸಿ ನಾನು ಗುಡ್ಡ ಹತ್ತಿದೆ. ಬಂಗಲೆಯ ಜಗಲಿಯಲ್ಲಿ ನಿಂತುಕೊಂಡೆ. ಜವರ ಬನಿಯನ್ನಿನಲ್ಲಿ ಕೂತು ದೀಪದ ಗಾಜು ಒರೆಸ್ತಾ ಇದ್ದ. ಹತ್ತಾಯ್ತು. ಒಳಗೆ ಗಂಟೆ ಹೊಡೀತು.

ಜವರ ಎದ್ದ. ಫೋನಿನ ಕಡೆ ಹೋಗ್ತಾನೆ ಅಂದುಕೊಂಡ್ರೆ ಹಿಂದಿನ ಕೋಣೆಗೆ ನಡೆದ. ಗೂಟದಿಂದ ಬಿಳಿ ಕೋಟು ತೆಗೆದ. ಝಾಡಿಸಿದ. ಹಾಕಿಕೊಂಡು ಹಿತ್ತಾಳೆ ಗುಂಡಿ ಒಂದೊಂದಾಗಿ ಹಾಕಿದ. ಗಂಟೆ ಬಡೀತಾನೇ ಉಂಟು. ರುಮಾಲು ಸುತ್ತಿದ. ಕನ್ನಡಿ ನೋಡಿದ, ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಸುತ್ತಿದ. ಆಮೇಲೆ ನಿಧಾನಕ್ಕೆ ಬಂದು ಫೋನು ಎತ್ತಿ "ಗುಡ್ ಮಾರ್ನಿಂಗ್, ಬಂಗ್ಲೋ" ಅಂದ. ಯಾರಿಗೆ ಬೇಕು ಅಂತ ಕೇಳಿ, ಗೋಡೆಯ ಪೆಟ್ಟಿಗೆಯಲ್ಲಿದ್ದ ಹಿಡಿಯನ್ನ ಆಫೀಸಿನ ಕಡೆಗೆ ಕೆಳಗೆಳೆದ. ಆಗ ಕೆಳಗೆ ನಮ್ಮ ಆಫೀಸಿನಲ್ಲಿ ಗಂಟೆ ಹೊಡೆದದ್ದು ನಂಗೆ ಕೇಳಿಸ್ತು. ಮಾತು ಮುಗಿದ ಮೇಲೆ ಹಿಡಿಯನ್ನ ಪುನಃ ಮೇಲಕ್ಕೆ, ಬಂಗಲೆ ಕಡೆಗೇ ಇಟ್ಟ.

ಸಿಕ್ಕಿಬಿದ್ದ ಕಳ್ಳ. ನಂಗೆ ಅವನನ್ನ ಬಡೀಬೇಕು ಅಂತಲೂ ಅನ್ನಿಸ್ತು, ಖುಷಿಯಲ್ಲಿ ಕುಣೀಬೇಕು ಅಂತಲೂ ಅನ್ನಿಸ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದನ್ನ ಕಣ್ಣಾರೆ ಕಂಡೆ.

"ಲೋ ಜವರ, ಫೋನಲ್ಲಿ ನಿನ್ನ ಕೋಟು ಯಾರಿಗಾದ್ರೂ ಕಾಣ್ತದಾ?"

"ಅವರಿಗೆ ಕಾಣೋದಿಲ್ಲ ಅಮ್ಮ. ನಂಗೆ ಕಾಣ್ತದೆ. ಕೋಟಿಲ್ಲದೆ ಫೋನು ಮುಟ್ಟಬಾರದು ಅಂತ ದೊರೆ ಹೇಳಿದ್ದು."

"ದೊರೆ ಹೋಗಿ ಎಷ್ಟು ಕಾಲ ಆಯ್ತು?"

"ಹೋಗುವಾಗ ಇನ್ನು ಬೇಡ ಅಂತ ಹೇಳಿ ಹೋಗ್ಲಿಲ್ವಲ್ಲ."

ನಾನೇ ಹಿಡಿಗೆ ಕೈ ಹಾಕಿದೆ. ಅವನು ಅಡ್ಡ ಬಂದು ನಿಂತ. "ಹಾಗೆ ಮಾಡ್ಬೇಡಿ ಅಮ್ಮ. ಗಂಟೆ ಇಲ್ಲಿ ಹೊಡೀದಿದ್ರೆ ನಾನು ಇಲ್ಲಿ ಯಾಕೆ? ನಾಳೆಯೇ ಆಳುಗಳ ಲೈನ್ ಮನೆಗೆ ಕಳಿಸಿ ಕೈಗೆ ಕತ್ತಿ ಕೊಡ್ತಾರೆ. ಈ ವಯಸ್ಸಲ್ಲಿ ಕಾಡು ಕಡೀಲಿಕ್ಕೆ ಆಗ್ತದಾ?"

ನನ್ನ ಸಿಟ್ಟು ಅಲ್ಲಿಗೇ ಇಳೀತು. ನಾನೂ ಬಡವರ ಮನೆಯಲ್ಲೇ ಹುಟ್ಟಿದವಳು. ಸ್ವಲ್ಪ ಹೊತ್ತು ಅಲ್ಲೇ ಕೂತು ಮಗನ ವಿಷಯ ಎಲ್ಲ ಹೇಳಿದೆ. ಆಮೇಲೆ ಹೇಳಿದೆ, "ಫೋನು ಎತ್ತೋ ಕೆಲಸ ನಿಂದೇ, ಯಾರೂ ಕಸಿಯೋದಿಲ್ಲ. ಹಿಡಿಯನ್ನ ಕೆಳಗೆ ಮಾಡು, ನೀನೂ ಕೆಳಗೆ ಬಾ. ಆಫೀಸಲ್ಲಿ ಕೂತು ನೀನೇ ಎತ್ತು. ಕೋಟು ಮಾತ್ರ ಬೆಳಿಗ್ಗೆ ಎದ್ದಕೂಡಲೇ ಹಾಕ್ಕೊಂಡು ಬಾ."

ಅವನು ಯೋಚನೆ ಮಾಡಿದ. "ರುಮಾಲು?"

"ರುಮಾಲೂ."

"ಕುರ್ಚಿ ಕೊಡ್ತಾರಾ?"

"ರೈಟರ ಪಕ್ಕದಲ್ಲೇ."

ಜವರ ಆ ಹಿಡಿಯನ್ನ ತಾನೇ ಕೆಳಗೆಳೆದ. ಅವನನ್ನ ಆಫೀಸಿನಲ್ಲಿ ಕೂರಿಸೋದಕ್ಕೆ ನಮ್ಮವರು ಗೊಣಗಿದರು. ಸಾರಿಗೆ ಉಪ್ಪು ಬೇಕಾ ಬೇಡವಾ ಅಂತ ಕೇಳಿದೆ, ತಾವೇ ಕುರ್ಚಿ ತಂದು ಹಾಕಿದರು.

ಭಾನುವಾರ ನಾವು ಹೋಗೋದಕ್ಕೆ ಮುಂಚೆಯೇ ಜವರ ಕುರ್ಚಿಯಲ್ಲಿದ್ದ. ಕುತ್ತಿಗೆಯವರೆಗೆ ಗುಂಡಿ, ತಲೆ ಮೇಲೆ ರುಮಾಲು. ದಮಯಂತಿ ಹೊಸ ಸೀರೆ ಉಟ್ಟಿದ್ದಳು. ಫೋನಿನಲ್ಲಿ ಕಾಣೋದಿಲ್ಲ ಅಂತ ಇವಳಿಗೂ ಯಾರು ಹೇಳಬೇಕೋ. ನಂಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ತಾ ಇಲ್ಲ, ಬಾಗಿಲಿಗೂ ಫೋನಿಗೂ ತಿರುಗ್ತಾ ಇದ್ದೆ.

ಗಂಟೆ ಹೊಡೀತು. ಅದು ಪೂರ್ತಿ ಹೊಡೆಯೋದರ ಒಳಗೆ ಜವರ ಎತ್ತಿ "ಗುಡ್ ಮಾರ್ನಿಂಗ್, ಎಸ್ಟೇಟ್ ಆಫೀಸ್" ಅಂದು ಎರಡೂ ಕೈಯಲ್ಲಿ ದಮಯಂತಿಗೆ ಕೊಟ್ಟ. "ಅಯ್ಯೋ, ಇಷ್ಟು ಬೇಗನಾ" ಅಂತ ಪೊನ್ನಮ್ಮ ಹೇಳಿದ್ದು ನಂಗೂ ಕೇಳಿಸ್ತು. ಗೆದ್ದೆವು. ಮೂರು ನಿಮಿಷ, ಒಂದು ಚೂರೂ ಹೋಗದೆ ಪೂರ್ತಿ ನಮ್ಮ ಕೈಯಲ್ಲಿತ್ತು.

ದಮಯಂತಿ ಕೇಳಿಸಿಕೊಂಡಳು. ನಮ್ಮವರು ಎದುರು ನಿಂತು ಗಾಳಿಯಲ್ಲಿ ಸಹಿ ಹಾಕಿ ತೋರಿಸ್ತಾ ಇದ್ದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ಅವಳು ನಮ್ಮಿಬ್ಬರ ಕಡೆಗೂ ನೋಡಲಿಲ್ಲ.

"ಬನ್ನಿ" ಅಂದಳು.

ಆ ಕಡೆಯಿಂದ ಅವನು ಮತ್ತೆ ಏನೋ ಕೇಳಿದ.

"ಹೌದು. ಬಿಟ್ಟು ಬನ್ನಿ" ಅಂದವಳೇ ಫೋನು ಇಟ್ಟುಬಿಟ್ಟಳು.

ನಮ್ಮವರು ಕುರ್ಚಿ ಎಳೆದುಕೊಂಡು ಕೂತರು. ನಂಗೆ ಸಂತೋಷ ಬರೋದಕ್ಕೆ ಮುಂಚೆ ಸಿಟ್ಟು ಬಂತು. "ಎಂಥ ಹುಡುಗಿಯೇ ನೀನು. ಬಿದಿರು ಕಡಿಸಿ, ಗುಡ್ಡ ಹತ್ತಿ, ಇವನ ಕಾಲು ಹಿಡಿದು ತಂದ ಮೂರು ನಿಮಿಷ ಅದು. ಒಂದೂ ಮುಗೀಲಿಲ್ಲ, ಇಟ್ಟುಬಿಟ್ಟೆಯಲ್ಲ. ನನ್ನ ಮಗನ ಸ್ವರ ಕೇಳಿ ವರ್ಷ ಆಯ್ತು, ನಂಗೊಂದು ಗಳಿಗೆ ಕೊಡ್ಬಾರ್ದಿತ್ತಾ?"

ದಮಯಂತಿ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು.

"ಇನ್ನು ದಿನಾ ಕೇಳ್ತೀರಲ್ಲ ಅತ್ತೆ" ಅಂದಳು.